ಕಂಪ್ಯೂಟರ್ ಕಾದು ತಾನ ಬಂದ್ ಆಗಾಕತ್ತಿದ್ರ ಹಿಂಗ ನೋಡ್ರಿ
ಹುಬ್ಬಳ್ಳಿ ಧೂಳು, ಮ್ಯಾಲ ಬ್ಯಾಸಿಗಿ, ಮನ್ಯಾಗಿನ ಕಂಪ್ಯೂಟರ್ ನಡಬರಕ ಬಂದ್ ಆಗಾಕತ್ತಿದ್ರ ಲಗೂನ ಹೊಸಾದು ತಗೊಳ್ಳಾಕ ಹೋಗಬ್ಯಾಡ್ರಿ. ಆನ್ ಮಾಡಿದ ಕೂಡ್ಲೆ ಡಿಲೀಟ್ ಇಲ್ಲಾ ಎಫ್2 ಒತ್ತಿ ಬಯೋಸ್‌ನ್ಯಾಗ (ವಿಂಡೋಸ್ ಶುರು ಆಗೂಕಿಂತ ಮೊದ್ಲ ಬರೋ ಸೆಟ್ಟಿಂಗ್ ಪರದೆ) ಸಿಪಿಯು, ಅಂದ್ರ ಪ್ರೊಸೆಸರ್, ಟೆಂಪರೇಚರ್ ನೋಡ್ರಿ, ಸುಮ್ನ ಕುಂತಾಗನ 80 ಡಿಗ್ರಿ ದಾಟಿದ್ರ ಕೂಲಿಂಗ್ ಕೆಟ್ಟೈತಿ ಅಂತನ, 100ರ ಹತ್ರ ಹೋದ್ರ ಪ್ರೊಸೆಸರ್ ಸುಡಬಾರ್ದಂತ ತಾನ ಆಫ್ ಆಗ್ತೈತಿ. ಪ್ಲಗ್ ತಗದು ಸೈಡ್ ಪ್ಯಾನೆಲ್ ಬಿಚ್ರಿ, ಫ್ಯಾನ್ ಕೆಳಗ ಹೀಟ್‌ಸಿಂಕ್ (ಪ್ರೊಸೆಸರ್ ಕಾವು ಎಳಕೊಳ್ಳೋ ಲೋಹದ ಪಟ್ಟಿಗಳು) ಸಂದಿನ್ಯಾಗ ಧೂಳು ದಪ್ಪಗ ಕುಂತಿರ್ತೈತಿ, ಬ್ರಷ್‌ಲೇ ಬಿಡಿಸಿ ಬ್ಲೋವರ್ ಹಿಡೀರಿ, ಆದ್ರ ಊದಾಗ ಫ್ಯಾನ್ ರೆಕ್ಕಿ ಬೆರಳಲೇ ಹಿಡ್ಕೊಳ್ರಿ, ಗರಗರ ತಿರುಗಿದ್ರ ಬೇರಿಂಗ್ ಹಾಳಾಗ್ತೈತಿ. ಆಮ್ಯಾಲೂ ಕಾದ್ರ ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವ ಹಚ್ಚಿರೋ ಥರ್ಮಲ್ ಪೇಸ್ಟ್ ಒಣಗಿರಬೇಕು, ಹೀಟ್‌ಸಿಂಕ್ ಬಿಚ್ಚಿ ಹಳೇದು ಒರಸಿ ಬಟಾಣಿ ಕಾಳಿನಷ್ಟು ಹೊಸಾದು ಹಚ್ರಿ. ಟೆಂಪರೇಚರ್ ಕಡಿಮಿ ಇದ್ದೂ ಬಂದ್ ಆದ್ರ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಡಬ್ಬಿ) ಚೆಕ್ ಮಾಡಸ್ರಿ, ಅದನ್ನ ಮಾತ್ರ ನೀವ ಬಿಚ್ಚಬ್ಯಾಡ್ರಿ, ಪ್ಲಗ್ ತಗದಿದ್ರೂ ಒಳಗ ಕರೆಂಟ್ ಉಳಿದಿರ್ತೈತಿ.