ಕುತ್ತಿಗೆಯಿಂದ ಕೆಳಗೆ: ಕೋಟೆಯ ತೆನೆ ಹೊತ್ತ ಸ್ವೆಟರ್ ಹೆಣೆಯುವುದು ಹೀಗೆ

ಚಿತ್ರದುರ್ಗದಲ್ಲಿ ಸ್ವೆಟರ್ ಬೇಕಾಗುವುದು ಚಳಿಗಿಂತ ಹೆಚ್ಚಾಗಿ ಗಾಳಿಗೆ. ಜೋಗಿಮಟ್ಟಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಸಂಜೆ ಬೈಕ್ ಏರಿ ಹೊಳಲ್ಕೆರೆ ರಸ್ತೆ ಹಿಡಿದವರಿಗೆ ಗಾಳಿ ಮೊದಲು ನಾಟುವುದು ಎದೆಗೆ ಮತ್ತು ಭುಜಕ್ಕೆ. ಎರಡು ಬಣ್ಣದ ನೂಲನ್ನು ಜೊತೆಯಾಗಿ ಸಾಗಿಸಿ ಹೆಣೆದ ದುಂಡು ಯೋಕ್, ಅಂದರೆ ಕುತ್ತಿಗೆಯಿಂದ ಎದೆ ಮತ್ತು ಭುಜದವರೆಗಿನ ಭಾಗ, ಸರಿಯಾಗಿ ಅಲ್ಲಿಯೇ ಇಮ್ಮಡಿ ದಪ್ಪವಾಗಿರುತ್ತದೆ. ಒಡಲು ಮತ್ತು ತೋಳು ಒಂದೇ ಎಳೆಯಲ್ಲಿ ಹಗುರವಾಗಿ ಉಳಿಯುತ್ತವೆ. ನಮ್ಮ ಊರಿಗೆ ಇದಕ್ಕಿಂತ ಒಪ್ಪುವ ಸ್ವೆಟರ್ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಈ ಬಗೆಯ ಯೋಕ್ ಐಸ್‌ಲ್ಯಾಂಡಿನಲ್ಲಿ 20ನೇ ಶತಮಾನದ ಮಧ್ಯಭಾಗದಲ್ಲಿ ರೂಢಿಗೆ ಬಂತು. ಸ್ವೀಡನ್ನಿನ ಕಲ್ಲುನಾಡು ಬೋಹುಸ್‌ಲೇನ್‌ನಲ್ಲಿ ಕೆಲಸ ಕಳೆದುಕೊಂಡ ಕಲ್ಲುಕುಟಿಗರ ಮನೆಯ ಹೆಂಗಸರು ಹೆಣಿಗೆಯಿಂದ ಸಂಸಾರ ನಡೆಸಿದರು. 1939ರಲ್ಲಿ ಶುರುವಾದ ಅಲ್ಲಿನ ಬೋಹುಸ್ ಸ್ಟಿಕ್ನಿಂಗ್ ಸಂಸ್ಥೆಯ ಯೋಕ್‌ಗಳು ಇಂದಿಗೂ ಹೆಣೆಯುವವರಿಗೆ ಮಾದರಿ. ಬಂಡೆಗಳ ನಡುವೆ ಬದುಕುವ ನಮಗೆ ಆ ಹೆಂಗಸರು ತೀರಾ ಪರಕೀಯರೆನಿಸುವುದಿಲ್ಲ.

ನೂಲು ಮತ್ತು ಕಡ್ಡಿ

ಚಳ್ಳಕೆರೆಯ ಕಂಬಳಿಯ ಕಪ್ಪು, ಹಾಲುಬಿಳಿ, ಬೂದುಗಂದು ಬಣ್ಣಗಳನ್ನೇ ಆರಿಸಿಕೊಳ್ಳಿ. ಮೂರೂ ಒಂದಕ್ಕೊಂದು ಹೊಂದುತ್ತವೆ. ಆದರೆ ಕಂಬಳಿಯ ಉಣ್ಣೆಯನ್ನೇ ಹೆಣೆಯಲು ಹೋಗಬೇಡಿ. ದಖ್ಖನಿ ಕುರಿಯ ಉಣ್ಣೆ ಒರಟು, ಕುತ್ತಿಗೆಗೆ ಚುಚ್ಚುತ್ತದೆ. ಲೂಧಿಯಾನದಿಂದ ಬರುವ ಮೆದು ಉಣ್ಣೆ ನೂಲು ಸಾಕು. ಮುಖ್ಯ ಬಣ್ಣ ಸುಮಾರು 500 ಗ್ರಾಂ, ಉಳಿದವು 50ರಿಂದ 100 ಗ್ರಾಂ. ಪೂರ್ತಿ ಅಕ್ರಿಲಿಕ್ ಅಗ್ಗ, ಒಗೆಯಲೂ ಸುಲಭ. ಆದರೆ ನೀರಿನಲ್ಲಿ ನೆನೆಸಿದಾಗ ಉಣ್ಣೆಯ ಕುಣಿಕೆಗಳು ಸಮನಾಗಿ ಕೂರುವ ಹಾಗೆ ಅಕ್ರಿಲಿಕ್ಕಿನವು ಕೂರುವುದಿಲ್ಲ. ಎರಡು ಬಣ್ಣದ ಹೆಣಿಗೆಯಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ.

ಕೇಬಲ್ ಇರುವ ದುಂಡು ಕಡ್ಡಿಗಳು ಬೇಕು: 4 ಮಿ.ಮೀ. ದಪ್ಪದ್ದು 40 ಸೆಂ.ಮೀ. ಮತ್ತು 80 ಸೆಂ.ಮೀ. ಉದ್ದದಲ್ಲಿ, ಅಂಚಿನ ಹಿಗ್ಗುವ ಪಟ್ಟಿಗೆ, ಅಂದರೆ ರಿಬ್ಬಿಗೆ, 3.25 ಮಿ.ಮೀ. ಹಳೆಯ ಅಂಗಡಿಗಳಲ್ಲಿ ಇವುಗಳಿಗೆ ಕ್ರಮವಾಗಿ 8 ಮತ್ತು 10ನೇ ನಂಬರ್ ಎನ್ನುತ್ತಾರೆ. ನಂಬರ್ ಹೆಚ್ಚಾದಂತೆ ಕಡ್ಡಿ ತೆಳುವಾಗುತ್ತದೆ ಎಂಬುದು ನೆನಪಿರಲಿ.

ಲೆಕ್ಕ ಮೊದಲು

ಯೋಕ್ ಸ್ವೆಟರ್ ಕೆಡುವುದು ಕೈಚಳಕ ಸಾಲದೆ ಅಲ್ಲ, ಲೆಕ್ಕ ಮಾಡದೆ. ಮೊದಲು ಒಂದು ಚಿಕ್ಕ ತುಂಡನ್ನು ದುಂಡಗೆ, ಎರಡು ಬಣ್ಣದಲ್ಲಿಯೇ ಹೆಣೆದು, ಒಗೆದು ಒಣಗಿಸಿ ಅಳೆಯಿರಿ. 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ, ಎತ್ತರಕ್ಕೆ 26 ಸುತ್ತು ಬಂದರೆ ಕೆಳಗಿನ ಲೆಕ್ಕ ಹಾಗೆಯೇ ನಡೆಯುತ್ತದೆ. ಬಣ್ಣದ ಹೆಣಿಗೆ ಹೆಚ್ಚಿನವರ ಕೈಯಲ್ಲಿ ಬಿಗಿಯಾಗುತ್ತದೆ. ಹಾಗಾದರೆ ಯೋಕಿಗೆ ಮಾತ್ರ ಅರ್ಧ ಮಿ.ಮೀ. ಹೆಚ್ಚು ದಪ್ಪದ ಕಡ್ಡಿ ಹಿಡಿಯಿರಿ.

ಎದೆಸುತ್ತಳತೆ 92 ಸೆಂ.ಮೀ. ಎಂದುಕೊಳ್ಳೋಣ. ಒಳಗೆ ಅಂಗಿ ಇರುತ್ತದೆ, 8 ಸೆಂ.ಮೀ. ಸಡಿಲ ಸೇರಿಸಿ, 100 ಸೆಂ.ಮೀ.ಗೆ 200 ಕುಣಿಕೆ. ಇದು ಒಡಲು. ಕುತ್ತಿಗೆಗೆ ಒಡಲಿನ ಶೇ 40ರಷ್ಟು ಎಂಬುದು ವಾಡಿಕೆ, ಅಂದರೆ 80. ನಾನು 88 ಹಾಕಲು ಹೇಳುತ್ತೇನೆ, ಏಕೆಂದರೆ 88 ಎಂದರೆ 22 ನಾಲ್ಕುಗಳು. ಈ 22ರಲ್ಲಿ ಇಡೀ ಯೋಕ್ ಅಡಗಿದೆ. ಪ್ರತಿ ನಾಲ್ಕರ ಗುಂಪಿಗೆ ಎರಡೆರಡು ಕುಣಿಕೆ ಹೆಚ್ಚಿಸುತ್ತ ಹೋದರೆ ಗುಂಪು 6, 8, 10, 12 ಆಗುತ್ತದೆ. ಒಟ್ಟು ಕುಣಿಕೆ 132, 176, 220, 264. ಎಲ್ಲಿಯೂ ಚಿತ್ರ ಅರ್ಧಕ್ಕೆ ತುಂಡಾಗುವುದಿಲ್ಲ. ಕುತ್ತಿಗೆಯಿಂದ ಹೊರಟ 22 ಸಾಲುಗಳು ಎದೆಯವರೆಗೆ ಅಗಲವಾಗುತ್ತ ಇಳಿಯುತ್ತವೆ.

ಯೋಕ್

ತೆಳು ಕಡ್ಡಿಯಲ್ಲಿ 88 ಕುಣಿಕೆ ಏರಿಸಿ, ತಿರುಚಿಕೊಳ್ಳದಂತೆ ನೋಡಿ ಸುತ್ತು ಕೂಡಿಸಿ, ಎರಡು ನಿಟ್ (ಸೀದಾ) ಎರಡು ಪರ್ಲ್ (ಉಲ್ಟಾ) ರಿಬ್ ಅನ್ನು 3 ಸೆಂ.ಮೀ. ಹೆಣೆಯಿರಿ. ಏರಿಸುವಾಗ ಸಡಿಲವಾಗಿರಲಿ, ತಲೆ ತೂರಬೇಕು. ಆಮೇಲೆ ಬೆನ್ನಿನ ಭಾಗದಲ್ಲಿ ಮಾತ್ರ ಹಿಂದೆ ಮುಂದೆ ತಿರುಗುತ್ತ, ಪ್ರತಿ ಸಲ ಇನ್ನಷ್ಟು ದೂರ ಹೋಗುತ್ತ, ಆರು ಅರೆಸಾಲು ಹಾಕಿ. ಇದರಿಂದ ಹಿಂಗುತ್ತಿಗೆ ಎರಡು ಸೆಂ.ಮೀ.ಗಿಂತ ತುಸು ಹೆಚ್ಚು ಎತ್ತರವಾಗುತ್ತದೆ. ಇದನ್ನು ಬಿಟ್ಟ ಸ್ವೆಟರ್ ತೊಟ್ಟವರು ದಿನವಿಡೀ ಮುಂಗುತ್ತಿಗೆಯನ್ನು ಕೆಳಗೆ ಜಗ್ಗುತ್ತಲೇ ಇರುತ್ತಾರೆ.

ಯೋಕಿನ ಆಳ ಸುಮಾರು 23 ಸೆಂ.ಮೀ., ಅಂದರೆ 60 ಸುತ್ತು. ರಿಬ್ ಮತ್ತು ಅರೆಸಾಲು ಮುಗಿದೊಡನೆ ಮೊದಲ ಏರಿಕೆ, ಅಂದರೆ ಪ್ರತಿ ಗುಂಪಿಗೆ ಎರಡು ಕುಣಿಕೆ ಹೆಚ್ಚಿಸುವುದು. ಉಳಿದ ಮೂರು ಸುಮಾರು 11, 21 ಮತ್ತು 34ನೇ ಸುತ್ತಿನಲ್ಲಿ. ಏರಿಕೆಯ ಸುತ್ತನ್ನು ಒಂದೇ ಬಣ್ಣದಲ್ಲಿ ಇಟ್ಟುಕೊಂಡರೆ ನೆಮ್ಮದಿ. ಎರಡು ಕುಣಿಕೆಗಳ ನಡುವಿನ ಎಳೆಯನ್ನು ಎತ್ತಿ ತಿರುಚಿ ಹೆಣೆದರೆ ತೂತು ಉಳಿಯುವುದಿಲ್ಲ.

ಈಗ ಚಿತ್ರ. ಕೋಟೆಯ ತೆನೆಗಳನ್ನೇ, ಅಂದರೆ ಕೋಟೆಗೋಡೆಯ ತಲೆಯ ಮೇಲೆ ಸಾಲಾಗಿ ನಿಂತ ಗೋಡೆತುಂಡುಗಳನ್ನೇ, ತೆಗೆದುಕೊಳ್ಳಿ. ಮೇಲಿನಿಂದ ಕೆಳಗೆ ಹೆಣೆಯುವಾಗ ತುದಿ ಮೊದಲು ಬರುತ್ತದೆ, ಬುಡ ಆಮೇಲೆ. 6 ಕುಣಿಕೆಯ ಪಟ್ಟಿಗೆ ಮೊದಲ ಸುತ್ತು: 2 ಕಪ್ಪು, 1 ಬಿಳಿ, 3 ಕಪ್ಪು. ಎರಡು ಮತ್ತು ಮೂರನೆಯ ಸುತ್ತು: 1 ಕಪ್ಪು, 3 ಬಿಳಿ, 2 ಕಪ್ಪು. ನಾಲ್ಕು: 5 ಬಿಳಿ, 1 ಕಪ್ಪು. ಐದು: ಪೂರ್ತಿ ಬಿಳಿ. ತೊಟ್ಟಾಗ 22 ತೆನೆಗಳು ಕುತ್ತಿಗೆಯ ಸುತ್ತ ನೆಟ್ಟಗೆ ನಿಂತಿರುತ್ತವೆ. ಕೆಳಗಿನ ಅಗಲ ಪಟ್ಟಿಗಳಿಗೆ ಇದನ್ನೇ ದೊಡ್ಡದು ಮಾಡಿ, ಇಲ್ಲವೇ ಮನೆಯಂಗಳದ ಚುಕ್ಕಿ ರಂಗೋಲಿಯನ್ನು ಚೌಕುಳಿ ಹಾಳೆಗೆ ಇಳಿಸಿ.

ಕೈಯಲ್ಲಿ ಇರಬೇಕಾದ ಶಿಸ್ತು ಎರಡು. ಚಿತ್ರದ ಬಣ್ಣದ ಎಳೆ ಯಾವಾಗಲೂ ಇನ್ನೊಂದರ ಕೆಳಗಿನಿಂದಲೇ ಬರಲಿ. ಕೆಳಗಿನಿಂದ ಬರುವ ಎಳೆಯ ಕುಣಿಕೆ ತುಸು ದೊಡ್ಡದಾಗಿ ಚಿತ್ರ ಎದ್ದು ಕಾಣುತ್ತದೆ. ನಡುವೆ ಅದಲು ಬದಲಾದರೆ ಅರ್ಧ ತೆನೆ ಮಸುಕಾಗುತ್ತದೆ. ಎರಡನೆಯದಾಗಿ, ಬಣ್ಣ ಬದಲಿಸುವ ಮೊದಲು ಬಲಗಡ್ಡಿಯ ಕುಣಿಕೆಗಳನ್ನು ಹರಡಿಕೊಳ್ಳಿ. ಹಿಂಬದಿಯ ಎಳೆ ಅಷ್ಟಗಲ ಸಡಿಲವಾಗಿ ಸಾಗಲಿ. ಐದು ಕುಣಿಕೆಗಿಂತ ಉದ್ದ ಓಡುವ ಎಳೆಯನ್ನು ನಡುವೆ ಒಮ್ಮೆ ಸಿಕ್ಕಿಸಿ, ಇಲ್ಲದಿದ್ದರೆ ತೊಡುವಾಗ ಬೆರಳಿಗೆ ತೊಡರುತ್ತದೆ.

ತೋಳು, ಒಡಲು

264ನ್ನು ಹೀಗೆ ಹಂಚಿ: ಬೆನ್ನಿಗೆ 82, ತೋಳಿಗೆ 50, ಎದೆಗೆ 82, ಇನ್ನೊಂದು ತೋಳಿಗೆ 50. ತೋಳಿನ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿಡಿ. ಪ್ರತಿ ಕಂಕುಳಲ್ಲಿ 18 ಹೊಸ ಕುಣಿಕೆ ಏರಿಸಿ. ಒಡಲಿಗೆ ಮತ್ತೆ ಅದೇ 200. ಇಲ್ಲಿ ನಿಲ್ಲಿಸಿ, ಸ್ವೆಟರನ್ನು ತೊಟ್ಟು ನೋಡಿ. ಮೇಲಿನಿಂದ ಹೆಣೆಯುವುದರ ದೊಡ್ಡ ಲಾಭವೇ ಇದು. ಕಂಕುಳು ಹಿಡಿದರೆ ನಾಲ್ಕು ಸುತ್ತು ಬಿಚ್ಚಿ ಯೋಕನ್ನು ಉದ್ದ ಮಾಡಬಹುದು. ಆಮೇಲೆ ಒಡಲನ್ನು ಬೇಕಾದಷ್ಟು ಉದ್ದ ಹೆಣೆದು 6 ಸೆಂ.ಮೀ. ರಿಬ್ ಹಾಕಿ ಮುಗಿಸಿ.

ತೋಳಿಗೆ 50ರ ಜೊತೆ ಕಂಕುಳಿನಿಂದ 18 ಎತ್ತಿಕೊಂಡರೆ 68. ಏಳು ಸುತ್ತಿಗೊಮ್ಮೆ ಎರಡರಂತೆ 14 ಸಲ ಇಳಿಸಿದರೆ ಮಣಿಕಟ್ಟಿಗೆ 40 ಉಳಿಯುತ್ತದೆ.

ಕೊನೆಗೆ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ. ಕಡು ಬಣ್ಣದ ನೂಲು ಬಿಳಿಗೆ ಹತ್ತುವುದೇ ಎಂದು ತೇವದ ಬಿಳಿ ಬಟ್ಟೆಗೆ ಉಜ್ಜಿ ಹೆಣೆಯುವ ಮೊದಲೇ ನೋಡಿರಬೇಕು. ಹಿಂಡದೆ ಟವೆಲಿನಲ್ಲಿ ಸುತ್ತಿ ಅದುಮಿ, ನೆರಳಿನಲ್ಲಿ ಚಾಪೆಯ ಮೇಲೆ ಅಳತೆಗೆ ಸರಿಯಾಗಿ ಹರಡಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಯೋಕ್ ಜಗ್ಗಿ ತೆನೆಗಳು ಉದ್ದವಾಗುತ್ತವೆ. ನಮ್ಮ ಗಾಳಿಗೆ ಮೇಲ್ಮೈ ಬೇಗ ಒಣಗಿದರೂ ಯೋಕಿನ ಒಳಪದರ ತೇವವಾಗಿಯೇ ಇರುತ್ತದೆ. ಒಂದು ಬಾರಿ ಮಗುಚಿ ಹಾಕಿ, ಎಳೆಗಳ ಕೆಳಗೆ ಬೆರಳಿಟ್ಟು ನೋಡಿದ ಮೇಲೆಯೇ ಮಡಿಸಿಡಿ.