ತುರ್ತು ಯೋಜನೆಯ ಮೊದಲ ಪುಟದಲ್ಲಿ ಏನಿರಬೇಕು?

ರಾಜ್ಯಮಟ್ಟದ ವೈದ್ಯಕೀಯ ತುರ್ತು ಯೋಜನೆ ಬರೆಯಲು ಕುಳಿತವರು ಮೊದಲು ಮುನ್ನುಡಿಗೆ ಕೈ ಹಾಕುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ನಲವತ್ತು ಪುಟ ದಾಟಿದರೂ ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕೆಂಬುದು ಅದರಲ್ಲಿ ಇರಲಿಲ್ಲ! ಈಗ ಮೊದಲ ಪುಟದಲ್ಲೇ ಬರೆಯುತ್ತೇನೆ: ಆದೇಶ ಕೊಡುವವರು ಯಾರು, ಅವರು ಸಿಗದಿದ್ದರೆ ಯಾರು, ಅವರೂ ಸಿಗದಿದ್ದರೆ ಯಾರು. ಹೆಸರು ಬೇಡ, ಹುದ್ದೆ ಬರೆಯಿರಿ. ಜನ ವರ್ಗವಾಗಿ ಹೋಗುತ್ತಾರೆ.

ಆಮೇಲೆ ಲೆಕ್ಕ. ‘ಸಾಕಷ್ಟು ಆಮ್ಲಜನಕ’ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ನಿಮಿಷಕ್ಕೆ 10 ಲೀಟರ್ ಬೇಕಾದ ಒಬ್ಬ ರೋಗಿಗೆ ದಿನಕ್ಕೆ 14,400 ಲೀಟರ್ ಬೇಕು. ಸುಮಾರು 7,000 ಲೀಟರಿನ ದೊಡ್ಡ ಸಿಲಿಂಡರ್ ಎರಡು ಖಾಲಿಯಾಗಿ ಮೂರನೆಯದಕ್ಕೆ ಕೈ ಹೋಗುತ್ತದೆ. ಇಂಥ ನೂರು ರೋಗಿಗಳಿದ್ದರೆ? ತುಂಬಿಸುವ ಘಟಕ ಎಷ್ಟು ದೂರ, ಲಾರಿಗಳೆಷ್ಟು, ಚಾಲಕರ ಪಾಳಿ ಹೇಗೆ ಎಂಬುದೂ ಲೆಕ್ಕದೊಳಗೆ ಬರಲಿ. ಹಾಸಿಗೆಗಳ ವಿಷಯದಲ್ಲಿ ನಾನು ತುಸು ಹಟಮಾರಿ: ನರ್ಸ್ ಇಲ್ಲದ ಹಾಸಿಗೆಯನ್ನು ಎಣಿಸುವುದೇ ಇಲ್ಲ.

ಲಸಿಕೆಗಳಲ್ಲಿ ಹೆಚ್ಚಿನವಕ್ಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು, ಹಾಗಾಗಿ ಪ್ರತಿ ಉಗ್ರಾಣಕ್ಕೂ ಬದಲಿ ವಿದ್ಯುತ್ತಿನ ವ್ಯವಸ್ಥೆ ನಮೂದಿಸಿ.

ಕೊನೆಗೆ, ಮುನ್ಸೂಚನೆ ಕೊಡದೆ ಒಂದು ಅಣಕು ಕಾರ್ಯಾಚರಣೆ ನಡೆಸಿ. ನಾನು ನೋಡಿದ ಒಂದರಲ್ಲಿ ಜನರೇಟರ್ ಇತ್ತು, ಡೀಸೆಲ್ಲೂ ಇತ್ತು; ಕೋಣೆಯ ಬೀಗದ ಕೈ ಮಾತ್ರ ರಜೆಯಲ್ಲಿದ್ದವರ ಜೇಬಿನಲ್ಲಿತ್ತು. ಎರಡನೆಯ ಬೀಗದ ಕೈ ಎಲ್ಲಿರಬೇಕೆಂಬ ಸಾಲು ಅಂದೇ ಯೋಜನೆಗೆ ಸೇರಿತು.