ಮಳೆ ಹಿಡಿಯುವ ಮೊದಲು ಸ್ಕೀ ಎತ್ತಿಡುವುದು ಹೇಗೆ?

ಕೊಡಗಿನಲ್ಲಿ ಸ್ಕೀಗೆ, ಅಂದರೆ ಹಿಮದ ಮೇಲೆ ಜಾರುವ ಹಲಗೆಗೆ, ಏನು ಕೆಲಸ ಅನ್ನಬೇಡಿ. ಸೈನ್ಯದಲ್ಲಿದ್ದು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಕಲಿತು ಬಂದವರು ನಮ್ಮಲ್ಲಿದ್ದಾರೆ. ನಮ್ಮ ಜಿಲ್ಲೆಯ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶದ ಪರ ಸ್ಪರ್ಧಿಸಿದ್ದಾರೆ. ನನ್ನ ಪರಿಚಯದ ಹುಡುಗರೇ ಮೂರ್ನಾಲ್ಕು ಮಂದಿ ಸ್ವಂತ ಸ್ಕೀ ತಂದಿಟ್ಟುಕೊಂಡಿದ್ದಾರೆ.

ಅವರಲ್ಲಿ ಇಬ್ಬರ ಸ್ಕೀ ಹಾಳಾಗಿದ್ದನ್ನು ಕಣ್ಣಾರೆ ನೋಡಿದೆ. ಮಾರ್ಚ್‌ನಲ್ಲಿ ಬಂದವರು ಬ್ಯಾಗನ್ನು ಹಾಗೇ ಜೀಪು ನಿಲ್ಲಿಸುವ ಶೆಡ್ಡಿನಲ್ಲಿ ಒರಗಿಸಿಟ್ಟರು. ನವೆಂಬರ್‌ನಲ್ಲಿ ತೆರೆದಾಗ ಉಕ್ಕಿನ ಅಂಚಿನ ತುಂಬ ಕೆಂಪು ತುಕ್ಕು. ತಳ ಒಣಗಿ ಬೆಳ್ಳಗಾಗಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಬೂಷ್ಟು ಬರುವ ಊರಿದು. ಇಲ್ಲಿ ಬರೀ ಉಕ್ಕು ಉಳಿಯುತ್ತದೆಯೇ?

ಕೆಲಸವನ್ನು ಮೇ ಮುಗಿಯುವುದರೊಳಗೆ ಮಾಡಿ. ಜೂನ್ ಬಂದರೆ ಒಣಗಿಸಲು ಬಿಸಿಲಿಲ್ಲ, ಇಸ್ತ್ರಿಪೆಟ್ಟಿಗೆಗೆ ಕರೆಂಟೂ ಇರುವುದಿಲ್ಲ.

ಮೊದಲು ತೊಳೆಯುವುದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಜೀಪು ತೊಳೆಯುವ ಪ್ರೆಷರ್ ಪಂಪು ಮಾತ್ರ ಬೇಡ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನೊಳಗಿನ ಗ್ರೀಸೆಲ್ಲ ತೊಳೆದುಹೋಗುತ್ತದೆ. ಆಮೇಲೆ ಒಂದು ಇಡೀ ದಿನ ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸಿ.

ಅಂಚಿನಲ್ಲಿ ತುಕ್ಕು ಕಂಡರೆ ಸಣ್ಣ ಎಮರಿ ಕಾಗದದಿಂದ ಉದ್ದಕ್ಕೆ ಉಜ್ಜಿ ತೆಗೆಯಿರಿ. ತಳಕ್ಕೆ ಕಾಗದ ತಾಗಬಾರದು. ಇಲ್ಲೇ ನಮ್ಮವರು ಒಂದು ತಪ್ಪು ಮಾಡುತ್ತಾರೆ. ಮನೆಯಲ್ಲಿ ಕೋವಿಗೆ ಹಚ್ಚುವ ಎಣ್ಣೆ ಇರುತ್ತದಲ್ವಾ, ಅದನ್ನೇ ಅಂಚಿಗೂ ಬಳಿದುಬಿಡುತ್ತಾರೆ. ಕೋವಿಗೆ ಅದು ಸರಿ. ಸ್ಕೀಯಲ್ಲಿ ಆ ಎಣ್ಣೆ ತಳಕ್ಕೆ ಹರಿಯುತ್ತದೆ, ಎಣ್ಣೆ ಕುಡಿದ ತಳಕ್ಕೆ ಮೇಣ ಸರಿಯಾಗಿ ಹಿಡಿಯುವುದಿಲ್ಲ. ಸ್ಪ್ರೇ ಡಬ್ಬಿಯ ಎಣ್ಣೆಯೂ ಅಷ್ಟೇ. ಅಂಚನ್ನು ಕಾಯಬೇಕಾದದ್ದು ಮೇಣ.

ಈಗ ಮೇಣ. ಜನ ಎಡವುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ತಳ ಪಾಲಿಥಿಲೀನ್ ಪ್ಲಾಸ್ಟಿಕ್‌ನದು. ಬಿಸಿ ಮಾಡಿದಾಗ ಮೇಣವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದರೆ ಸುಮಾರು 135 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದೇ ಕರಗಲು ಶುರುವಾಗುತ್ತದೆ. ಹಾಗಾಗಿ ಇಸ್ತ್ರಿಪೆಟ್ಟಿಗೆ 120ರ ಆಸುಪಾಸಿನಲ್ಲಿರಬೇಕು. ಮೇಣದ ಪೊಟ್ಟಣದ ಮೇಲೆ ಉಷ್ಣತೆ ಬರೆದಿದ್ದರೆ ಅದನ್ನೇ ಪಾಲಿಸಿ. ಹೊಗೆ ಬಂದರೆ ಜಾಸ್ತಿಯಾಯಿತು ಎಂದೇ ಅರ್ಥ, ತಕ್ಷಣ ಕಡಿಮೆ ಮಾಡಿ. ಮೇಣ ಹಾಕುವುದಕ್ಕೆಂದೇ ಇಸ್ತ್ರಿಪೆಟ್ಟಿಗೆ ಸಿಗುತ್ತದೆ, ಅದನ್ನೇ ಕೊಳ್ಳಿ ಅನ್ನುತ್ತೇನೆ. ಬಟ್ಟೆಯ ಪೆಟ್ಟಿಗೆಯ ಬಿಸಿ ಏರುತ್ತದೆ, ಇಳಿಯುತ್ತದೆ. ಹಬೆಯ ತೂತುಗಳಿರುವುದಂತೂ ಬೇಡವೇ ಬೇಡ. ಮೇಣ ತೂತಿನಲ್ಲಿ ಕೂತು ಸುಡುತ್ತದೆ.

ಸ್ಕೀಯನ್ನು ತಳ ಮೇಲೆ ಬರುವಂತೆ ಎರಡು ಮರದ ತುಂಡುಗಳ ಮೇಲೆ ಅಲ್ಲಾಡದಂತೆ ಮಲಗಿಸಿ. ಮೊದಲ ಸುತ್ತಿನದು ಕೊಳೆ ತೆಗೆಯುವ ಮೇಣ. ತೆಳ್ಳಗೆ ಕರಗಿಸಿ ಹಚ್ಚಿ, ಇನ್ನೂ ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಕಪ್ಪು ಕೊಳೆ ಮೇಣದ ಜೊತೆ ಎದ್ದು ಬರುತ್ತದೆ. ಕೆರೆದ ಮೇಣ ಬಿಳಿಯಾಗಿ ಬರುವವರೆಗೂ ಇದನ್ನೇ ಮಾಡಿ. ನನಗೆ ಸಾಮಾನ್ಯವಾಗಿ ಎರಡು ಸಲ ಬೇಕಾಗುತ್ತದೆ.

ಎರಡನೆಯದು ಎತ್ತಿಡುವ ಮೇಣ. ಬೆಚ್ಚಗಿನ ಹಿಮಕ್ಕೆ ಬಳಸುವ ಮೆತ್ತನೆಯ ಮೇಣ ತೆಗೆದುಕೊಳ್ಳಿ, ಆಮೇಲೆ ಕೆರೆಯಲು ಸುಲಭ. ಮೇಣವನ್ನು ಪೆಟ್ಟಿಗೆಗೆ ತಾಗಿಸಿ ತಳದುದ್ದಕ್ಕೂ ಧಾರಾಳವಾಗಿ ತೊಟ್ಟಿಕ್ಕಿಸಿ. ನಂತರ ಮೂತಿಯಿಂದ ಬಾಲದ ಕಡೆಗೆ ಪೆಟ್ಟಿಗೆ ಎಳೆಯಿರಿ. ಒಂದು ಕ್ಷಣವೂ ಒಂದೇ ಜಾಗದಲ್ಲಿ ನಿಲ್ಲಿಸಬೇಡಿ. ಇನ್ನೊಂದು ಕೈಯಿಂದ ಈಗ ಕೆಳಗಿರುವ ಸ್ಕೀಯ ಬೆನ್ನನ್ನು ಮುಟ್ಟಿ ನೋಡುತ್ತಿರಿ. ಬೆಚ್ಚಗಾಗಿದ್ದರೆ ಸರಿ, ಬಿಸಿಯಾದರೆ ನಿಲ್ಲಿಸಿ ಆರಲು ಬಿಡಿ. ಸ್ಕೀ ಅಂದರೆ ಪದರಗಳನ್ನು ಅಂಟಿಸಿದ್ದು, ಬಿಸಿ ಅತಿಯಾದರೆ ಅಂಟು ಬಿಡುತ್ತದೆ.

ಮೇಣ ಎರಡೂ ಬದಿಯ ಉಕ್ಕಿನ ಅಂಚಿನ ಮೇಲೆ ಹರಿದು ಕೂರಬೇಕು. ಬೆರಳಿಗೆ ಬರೀ ಉಕ್ಕು ಸಿಕ್ಕಿದ ಕಡೆಯೆಲ್ಲ ಮತ್ತೆ ಹಚ್ಚಿ. ಆಮೇಲೆ ಕೆರೆಯಬೇಡಿ! ಹೊಳಪು ಬರಲಿ ಅಂತ ಕೆರೆದು, ಉಜ್ಜಿ ಇಟ್ಟರೆ ಅಂಚಿಗೆ ಮತ್ತೆ ತುಕ್ಕು ಹಿಡಿಯುತ್ತದೆ. ದಪ್ಪ, ಒರಟು ಪದರ ಹಾಗೇ ಇರಲಿ.

ಮೇಣದಬತ್ತಿ ಕರಗಿಸಿ ಹಾಕುವುದು, ಕೈಯಲ್ಲಿ ಉಜ್ಜುವ ಪೇಸ್ಟು ಬಳಿಯುವುದು, ಇವೆರಡೂ ಆರು ತಿಂಗಳಿಗೆ ಸಾಲುವುದಿಲ್ಲ. ಪೇಸ್ಟು ಹಿಮದ ಮೇಲೆ ಒಂದು ದಿನಕ್ಕೆ ಸರಿ, ಅಷ್ಟೇ.

ಬೈಂಡಿಂಗ್‌ನ ಸ್ಪ್ರಿಂಗ್ ಸಡಿಲಿಸಬೇಕು ಅನ್ನುವವರಿದ್ದಾರೆ. ನಾನು ಮುಟ್ಟುವುದಿಲ್ಲ. ಮತ್ತೆ ಬಿಗಿ ಮಾಡಲು ಮರೆತರೆ ಇಳಿಜಾರಿನ ನಡುವೆ ಸ್ಕೀ ಕಾಲಿನಿಂದ ಕಳಚುತ್ತದೆ. ಸಡಿಲಿಸಲೇಬೇಕು ಅನ್ನುವವರು ಮೊದಲು ಅಲ್ಲಿರುವ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಬೂಟಿನ ಒಳಬೂಟು ಹೊರತೆಗೆದು ಒಣಗಿಸಿ, ಮತ್ತೆ ಹಾಕಿ, ಬಕಲ್‌ಗಳನ್ನು ಸಡಿಲವಾಗಿ ಮುಚ್ಚಿ. ತೆರೆದೇ ಬಿಟ್ಟರೆ ಪ್ಲಾಸ್ಟಿಕ್ ಆಕಾರ ಕೆಡುತ್ತದೆ.

ಇನ್ನು ಇಡುವ ಜಾಗ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುತ್ತಾರೆ. ಅಲ್ಲಿಯ ಬಿಸಿಗೆ ಮೇಣ ಇಳಿದುಹೋಗುತ್ತದೆ, ಮಸಿಯೂ ಕೂರುತ್ತದೆ. ಕಾಫಿ ಮೂಟೆಯ ಗೋಡೌನು, ಸಿಮೆಂಟು ನೆಲ, ತಗಡಿನ ಮಾಡಿನ ಕೆಳಗೆ ಕೂಡ ಬೇಡ. ಜನ ಮಲಗುವ ಕೋಣೆಯಲ್ಲಿ, ಒಳಗೋಡೆಯ ಪಕ್ಕ, ಮರದ ಹಲಗೆಯ ಮೇಲಿಡಿ. ಬ್ಯಾಗಿನಲ್ಲಿ ಇಡಬೇಡಿ, ಹಳೆಯ ಹತ್ತಿ ಪಂಚೆ ಸುತ್ತಿದರೆ ಸಾಕು. ಎರಡೂ ಸ್ಕೀಗಳನ್ನು ಸೇರಿಸಿ ಬಿಗಿಯಾಗಿ ಕಟ್ಟಲೂಬೇಡಿ, ನಡುವಿನ ಬಾಗು ಕುಗ್ಗುತ್ತದೆ.

ಕಕ್ಕಡ ತಿಂಗಳ ಮಳೆ ಕಳೆದು ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ತೆಗೆದು ಒರೆಸುತ್ತೀರಲ್ಲ, ಅವತ್ತೇ ಪಂಚೆ ಬಿಚ್ಚಿ ಸ್ಕೀಯ ಅಂಚಿನ ಮೇಲೂ ಒಮ್ಮೆ ಬೆರಳಾಡಿಸಿ. ಎಲ್ಲಾದರೂ ಮೇಣ ಎದ್ದಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಹಚ್ಚಿ. ಕೆರೆಯುವ ಕೆಲಸ ಡಿಸೆಂಬರ್‌ನಲ್ಲಿ, ಹೊರಡುವ ಹಿಂದಿನ ದಿನಕ್ಕೆ ಇರಲಿ.